ಕಿತ್ತಳೆ ಬಣ್ಣದ ಮಾತ್ರೆ

ಹಣ್ಣಿನ ರಸದ ಅಂಗಡಿಯವನ ಹೆಬ್ಬೆರಳಿನ ಗಾಯ ಮಾಯಲೇ ಇಲ್ಲ. ಚಾಕು ತಗುಲಿದ್ದು ಕೂದಲೆಳೆಯಷ್ಟು. ಕಿತ್ತಳೆ ಹಿಂಡುವಾಗಲೆಲ್ಲ ರಸ ತಾಕಿ ಉರಿಯುತ್ತಿತ್ತು. ಉಸ್ಸೆನ್ನುತ್ತ ಬೆರಳನ್ನು ಬಾಯಿಗಿಟ್ಟುಕೊಳ್ಳುವನು, ಮರುಗಳಿಗೆ ಅದೇ ಬಾಯಿಗೆ ಸಿಗರೇಟು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ.

"ಒಂದ್ಸಲ ಡಾಕ್ಟ್ರಿಗೆ ತೋರಿಸ್ರೀ," ಎಂದಳು ಹೆಂಡತಿ.

"ಹಣ್ಣಿನ ರಾಶಿ ಮಧ್ಯೆ ಕೂತಿರೋನಿಗೆ ಯಾವ ಸತ್ವ ಕಮ್ಮಿಯಾಗುತ್ತೆ ಕಣೇ? ನನ್ನ ಹಿಂಡಿದ್ರೂ ಒಂದು ಲೋಟ ರಸ ಬರುತ್ತೆ!"

ಅವಳು ನಗಲಿಲ್ಲ. ಆ ಮನೆಯಲ್ಲಿ ಸಿಗರೇಟಿನ ಜಗಳ ಎಂದೋ ನಿಂತು, ಅದರ ಜಾಗಕ್ಕೆ ಒಂದು ಒಪ್ಪಂದ ಬಂದಿತ್ತು. ಹೊಗೆ ಮೈಯ ಸತ್ವವನ್ನು ಸುಡುತ್ತದೆಂದು ಯಾರೋ ಹೇಳಿದ್ದರು. ಸುಟ್ಟದ್ದನ್ನು ತುಂಬಿಕೊಟ್ಟರಾಯಿತೆಂದು ಅವಳು ಔಷಧಿ ಅಂಗಡಿಯಿಂದ ಕ್ಯಾರೆಟ್ ಸತ್ವದ ಕಿತ್ತಳೆ ಬಣ್ಣದ ಮಾತ್ರೆ ತಂದಿದ್ದಳು. ಅವನು ಸೇದಿ ಬಂದು ಅಂಗೈ ಚಾಚುವನು. ಅವಳು ದೇವರನ್ನು ನೆನೆದು ಒಂದು ಮಾತ್ರೆ ಇಡುವಳು. ಹಾಗೆ ಅವನ ಭಯ ಹೋಯಿತು. ಭಯ ಹೋದಮೇಲೆ ಸಿಗರೇಟು ಹೆಚ್ಚಿತು.

ಕೆಮ್ಮು ಶುರುವಾದಾಗ ಅವಳೇ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಬೆರಳು ನೋಡಿದರು, ವಸಡು ನೋಡಿದರು.

"ಸೇದೋರ ಮೈಗೆ ಸಿ ಜೀವಸತ್ವ ಬೇರೆಯವರಿಗಿಂತ ಜಾಸ್ತಿ ಬೇಕು. ಹೊಗೆ ಅದನ್ನ ತಿಂದುಹಾಕುತ್ತೆ. ರಸ ಹಿಂಡ್ತೀರಲ್ಲ, ಕುಡೀತೀರಾ?"

"ದಿನಾ ನೋಡಿ ನೋಡಿ ಸಾಕಾಗಿದೆ ಡಾಕ್ಟ್ರೇ. ಬಾಯಿಗೆ ರುಚಿನೇ ಇಲ್ಲ."

"ಮಾತ್ರೆ ಏನಾದ್ರೂ?"

ಹೆಂಡತಿಯ ಮುಖ ಅರಳಿತು. ಚೀಲದಿಂದ ಸೀಸೆ ತೆಗೆದಳು. "ನಾನೇ ಕೊಡ್ತೀನಿ. ಸಿಗರೇಟಿಗೊಂದು. ಒಂದ್ಸಲಾನೂ ತಪ್ಪಿಸಿಲ್ಲ."

ಡಾಕ್ಟರಮ್ಮ ಸೀಸೆಯ ಮೇಲಿನ ಬರಹ ಓದಿ, ಅದನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡರು.

"ಇದನ್ನ ಸೇದೋರಿಗೆ ಕೊಡಬಾರದಮ್ಮ. ಕ್ಯಾರೆಟ್ ತಿಂದ್ರೆ ತೊಂದ್ರೆ ಇಲ್ಲ. ಮಾತ್ರೆಯಾಗಿ ಇಷ್ಟೊಂದು ಹೋದ್ರೆ, ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರ್ ಬರೋ ಅಪಾಯ ಹೆಚ್ಚುತ್ತೆ. ಬೆಳಿಗ್ಗೆ ಎಕ್ಸ್‌ರೇ ತೆಗೆಸಿ."

ಇಬ್ಬರೂ ನೇರ ಅಂಗಡಿಗೆ ಬಂದರು. ಅಂಗಡಿಯ ಮುಂದೆ ನಿಂತು ಅವನು ಸೇದಿದ. ಒಳಗೆ ಬಂದವನೇ ಅಭ್ಯಾಸಬಲದಿಂದ ಅಂಗೈ ಚಾಚಿದ. ಅವಳ ಕೈಯೂ ತಾನಾಗಿ ಸೀಸೆ ಇರುತ್ತಿದ್ದ ಜಾಗಕ್ಕೆ ಹೋಗಿ, ಗಾಳಿಯಲ್ಲೇ ನಿಂತಿತು. ಒಂದೊಂದು ಮಾತ್ರೆಯ ಜೊತೆಗೂ ಹೇಳಿಕೊಂಡ ಪ್ರಾರ್ಥನೆ ಎಲ್ಲಿಗೆ ಹೋಗಿ ಸೇರಿತೋ ಎಂದುಕೊಂಡಳು.

ಅವಳು ತನ್ನ ಅಂಗೈ ಚಾಚಿದಳು. "ಇನ್ಮೇಲೆ ನೀವು ಕೊಡಿ."

ಅವನು ಜೇಬಿನಿಂದ ಸಿಗರೇಟಿನ ಪೊಟ್ಟಣ ತೆಗೆದಿಟ್ಟ. "ಬೆಂಕಿಪೊಟ್ಟಣಾನೂ ಬೇಕಾ, ಮೇಡಮ್?" ಎಂದು ನಗಹೊರಟ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೆಂದು ಅವಳು ಕಾದಳು. ಅಂಗೈಯಲ್ಲಿ ಪೊಟ್ಟಣ ಹಗುರವಾಗಿತ್ತು. ಅದರಲ್ಲಿದ್ದದ್ದೆಲ್ಲ ಆಗಲೇ ಅವನೊಳಗೆ ಹೋಗಿತ್ತು.