ಎರಡು ಸಲ ಸರಿದ ಗುಂಡಿ

ಗಂಡನನ್ನು ಆಪರೇಷನ್ ಕೋಣೆಯ ಒಳಗೆ ಕರೆದುಕೊಂಡು ಹೋದ ಮೇಲೆ ನರ್ಸ್ ಅವನ ಅಂಗಿಯನ್ನು ಅವಳಿಗೆ ತಂದುಕೊಟ್ಟಳು. ಮುದ್ದೆ ಮಾಡಿ ಚೀಲಕ್ಕೆ ತುರುಕಿರಲಿಲ್ಲ. ತೋಳುಗಳನ್ನು ಹಿಂದಕ್ಕೆ ಮಡಚಿ, ಇಸ್ತ್ರಿಯಾದ ಅಂಗಿಯಂತೆ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು.

"ಅರ್ಧ ಗಂಟೆ ಅಷ್ಟೇ ಅಮ್ಮ. ಇಲ್ಲೇ ಫ್ಯಾನ್ ಕೆಳಗೆ ಕೂತ್ಕೊಳ್ಳಿ."

ಕೂತಳು. ಗಂಡ ದರ್ಜಿ. ಇಪ್ಪತ್ತಾರು ವರ್ಷಗಳಿಂದ ಅವನು ಹೊಲಿದ ಅಂಗಿಗಳಿಗೆಲ್ಲ ಕಾಜಾ ಮಾಡಿ ಗುಂಡಿ ಹಾಕುವವಳು ಅವಳು. ಅವನ ಕುತ್ತಿಗೆಯ ಗಂಟಿಗೆ ಹೋದ ವಾರ ಸೂಜಿ ಚುಚ್ಚಿ ನೋಡಿದ್ದರು, ಏನೂ ಖಚಿತವಾಗಿರಲಿಲ್ಲ. ಇವತ್ತು ಗಂಟನ್ನೇ ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸುವವರಿದ್ದರು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಕೈ ಮಾತ್ರ ಅಭ್ಯಾಸಬಲದಿಂದ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ತಡವುತ್ತ ಹೋಯಿತು.

ಕಾಲರಿನ ಗುಂಡಿ ಅವಳು ಹಾಕಿದ್ದಲ್ಲ.

ಅವಳು ನಾಲ್ಕು ತೂತಿನ ಗುಂಡಿಗೆ ದಾರದಿಂದ ಅಕ್ಕಪಕ್ಕ ಎರಡು ಗೀಟು ಎಳೆಯುವವಳು. ಇಲ್ಲಿ ದಾರ ಅಡ್ಡಡ್ಡ ದಾಟಿತ್ತು. ಉಗುರಿನಿಂದ ಪಟ್ಟಿಯನ್ನು ಸವರಿದಳು. ಕಾಲಿಂಚು ಒಳಗೆ ಹಳೆಯ ಸೂಜಿತೂತುಗಳು. ಅಲ್ಲಿಂದ ಇನ್ನೂ ಕಾಲಿಂಚು ಒಳಗೆ, ಮತ್ತೆ ಸೂಜಿತೂತುಗಳು. ಗುಂಡಿ ಎರಡು ಸಲ ಅಂಚಿನ ಕಡೆಗೆ ಸರಿದಿತ್ತು.

ಸರ್ಜನ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಗಂಟು ಪೂರ್ತಿ ಬಂತು. ನಿಮ್ಮವರು ಒಂದೇ ತಿಂಗಳಿಂದ ಅಂತಾರೆ. ಹೌದಾ?"

"ಇಲ್ಲ ಡಾಕ್ಟ್ರೇ. ಕಾಲರು ಬಿಗಿಯಾಗಿ ಗುಂಡಿ ಎರಡು ಸಲ ಸರಿಸ್ಕೊಂಡಿದ್ದಾರೆ." ಕಾಲರನ್ನು ಬಿಡಿಸಿ ತೋರಿಸಿದಳು. "ಈ ಅಂಗಿ ಹೊಲಿದು ಆರು ತಿಂಗಳಾಯ್ತು, ಆಗ ಸರಿಯಾಗಿ ಸೇರ್ತಿತ್ತು."

ಅವರು ನಗಲಿಲ್ಲ. ಬಗ್ಗಿ ತೂತುಗಳನ್ನು ನೋಡಿದರು.

"ರಾತ್ರಿ ಬೆವರ್ತಾರಾ?"

"ಬನಿಯನ್ ಹಿಂಡೋ ಹಾಗಿರುತ್ತೆ. ಸೆಕೆ ಅಂತಾರೆ. ನಾನೂ ಸೆಕೆ ಅಂದ್ಕೊಂಡೆ."

"ಎಲ್ರೂ ಹಾಗೇ ಅಂದ್ಕೊಳ್ಳೋದು" ಎಂದು ಮೆಲ್ಲಗೆ ಹೇಳಿ, ಬರೆದುಕೊಂಡರು.

ಹತ್ತು ದಿನಕ್ಕೆ ವರದಿ ಬಂತು. ಲಿಂಫೋಮ. ಕುತ್ತಿಗೆ, ಕಂಕುಳಲ್ಲಿರುವ ದುಗ್ಧರಸ ಗ್ರಂಥಿಗಳ ಕ್ಯಾನ್ಸರು, ರಾತ್ರಿಯ ಬೆವರೂ ಅದರದೇ ಲಕ್ಷಣ ಎಂದು ಸರ್ಜನ್ ಬಿಡಿಸಿ ಹೇಳಿದರು. ಅದರಲ್ಲಿ ಹತ್ತಾರು ಬಗೆ. ಯಾವ ಬಗೆ ಎಂದು ಗೊತ್ತಾದ ಮೇಲೇ ಔಷಧಿ. ಅದು ತಮ್ಮ ಕೆಲಸವಲ್ಲ, ದೊಡ್ಡ ಆಸ್ಪತ್ರೆಯ ತಜ್ಞೆಯದು. ಆಕೆ ಮೊದಲು ಕೊಟ್ಟ ದಿನ ಐದು ವಾರ ಆಚೆಗಿತ್ತು. "ನಾನೇ ಮತ್ತೆ ಫೋನ್ ಮಾಡಿದೆ. ಬೆವರಿನ ವಿಷ್ಯ, ಗುಂಡಿ ವಿಷ್ಯ ಎರಡೂ ಹೇಳ್ದೆ. ಈ ಗುರುವಾರ ಬನ್ನಿ ಅಂದ್ರು."

ಗಂಡಹೆಂಡತಿ ಇಬ್ಬರೂ ತಲೆಯಾಡಿಸಿದರು, ಬೇರೆ ಯಾರದೋ ಅಳತೆ ಕೇಳಿಸಿಕೊಂಡವರಂತೆ.

ಲ್ಯಾಬಿನಾಕೆ ಗಂಟಿನ ತುಣುಕನ್ನು ಹುದುಗಿಸಿದ್ದ ಮೇಣದ ಬಿಲ್ಲೆಯನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೊಟ್ಟಳು. ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಪರೀಕ್ಷಿಸಬೇಕಂತೆ. "ಬಿಸಿಲಿಗೆ ಹಿಡೀಬೇಡಿ ಅಕ್ಕ. ಮೇಣ ಅಲ್ವಾ" ಎಂದು ತನ್ನದೇ ಕರವಸ್ತ್ರವನ್ನು ಸುತ್ತಿಕೊಟ್ಟಳು.

"ನಮ್ಮ ಗುಂಡಿ ಡಬ್ಬಿಯಷ್ಟೂ ಇಲ್ವಲ್ಲೇ" ಎಂದ ಅವನು.

ಮನೆಗೆ ನಡೆಯುವಾಗ ಅವಳು ಕೇಳಿದಳು. "ಗುಂಡಿ ಸರಿಸೋಕೆ ನನ್ನ ಕೈಲಿ ಕೊಡಬಾರದಿತ್ತೇನ್ರೀ?"

"ಕೊಟ್ಟಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ."

"ಕೇಳ್ತಿದ್ದೆ."

"ಅದಕ್ಕೇ."

ಸ್ವಲ್ಪ ದೂರ ಹೋದ ಮೇಲೆ ಅವಳೆಂದಳು, "ಹಾಕಿದ್ದೂ ಅಡ್ಡಾದಿಡ್ಡಿ. ಗಿರಾಕಿ ಅಂಗಿಯಾಗಿದ್ರೆ ಮುಖಕ್ಕೆ ಎಸೀತಿದ್ರು."

ಗುರುವಾರ ಬೆಳಿಗ್ಗೆ ಅವನು ಮುಖ ತೊಳೆದು ಬರುವಷ್ಟರಲ್ಲಿ ಅವಳು ಆ ಗುಂಡಿಯನ್ನು ಬಿಚ್ಚಿ, ಮೊಟ್ಟಮೊದಲಿನ ತೂತುಗಳ ಮೇಲಿಟ್ಟು, ಅಕ್ಕಪಕ್ಕ ಎರಡು ಗೀಟು ಎಳೆದು, ದಾರವನ್ನು ಹಲ್ಲಿನಿಂದ ಕಡಿದಳು.

"ಕುತ್ತಿಗೆ ಇನ್ನೂ ಊದಿದೆ, ಈಗದು ಸೇರಲ್ಲ ಕಣೇ."

"ಗೊತ್ತು. ಸದ್ಯಕ್ಕೆ ಬಿಚ್ಚೇ ಇಟ್ಕೊಳ್ಳಿ."

ಬಸ್ಸಿನಲ್ಲಿ ಅವನು ಕಿಟಕಿಯ ಬಳಿ ಕೂತ. ತೆರೆದ ಕಾಲರು ಗಾಳಿಗೆ ಬಡಿದುಕೊಳ್ಳುತ್ತಿತ್ತು. ತಿರುವಿನಲ್ಲಿ ಬಿಸಿಲು ಅವಳ ಮಡಿಲಲ್ಲಿದ್ದ ಮೇಣದ ಡಬ್ಬಿಗೆ ಬಿತ್ತು. ಅವನು ಹೊರಗೆ ನೋಡುತ್ತಲೇ ಕೈ ಚಾಚಿ ಡಬ್ಬಿಯ ಮೇಲೆ ಅಂಗೈಯನ್ನು ಮುಚ್ಚಿದ.