ಬ್ರೇಕಿಲ್ಲದ ಸೀಟು

ನನ್ನ ಕುತ್ತಿಗೆ ಎಡಕ್ಕೆ ತಿರುಗುವುದನ್ನು ನಿಲ್ಲಿಸಿ ಎಷ್ಟೋ ದಿನಗಳಾಗಿದ್ದವು. ಆ ಕಡೆಯಿಂದ ಯಾರಾದರೂ ಕರೆದರೆ ಬೀರು ಸರಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಡ್ರೈವಿಂಗ್ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ವಿಷಯವಲ್ಲ. ಕಲಿಯುವವರ ಪಕ್ಕದಲ್ಲಿ ಕೂತು, ಅವರು ನೋಡದ ಕನ್ನಡಿಯನ್ನೂ ಅವರ ಕಣ್ಣಿಗೆ ಬೀಳದ ಸೈಕಲ್ಲನ್ನೂ ನೋಡುವುದೇ ನನ್ನ ಕೆಲಸ. ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದ: "ಮೇಷ್ಟ್ರೇ, ಸೋಮವಾರದೊಳಗೆ ಕುತ್ತಿಗೆ ಸರಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಕಾರು ಬೇಡ, ಆಫೀಸಲ್ಲಿ ಕೂತು ಫೋನ್ ತಗೊಳ್ಳಿ."

ಫೋನ್ ತಗೋಬೇಕಂತೆ! ಈ ಊರಿನ ಅರ್ಧದಷ್ಟು ಜನರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ನಾನು.

ಮೂಳೆಯಲ್ಲಿ ಏನೂ ಇಲ್ಲ, ಸ್ನಾಯು ಹಿಡಿದುಕೊಂಡಿದೆ, ಮಸಾಜ್ ಮಾಡಿಸಿ ಎಂದರು ಡಾಕ್ಟರು. ನನ್ನ ಹೆಂಡತಿ ನನ್ನನ್ನು ಕೇಳದೆಯೇ ಒಬ್ಬ ಥೆರಪಿಸ್ಟ್ ಹತ್ತಿರ ಶನಿವಾರ ಬೆಳಿಗ್ಗೆಗೆ ಹೇಳಿಬಿಟ್ಟಳು. "ಸುಮ್ನೆ ಹೋಗಿ ಮಲ್ಕೊಳ್ಳಿ. ಅಷ್ಟೇ ಕೆಲಸ," ಎಂದಳು.

ಅಷ್ಟೇ ಕೆಲಸವಾಗಿದ್ದರೆ ಮಾಡುತ್ತಿದ್ದೆ. ಬೂಟಿನ ಅಂಗಡಿಯ ಮೇಲಿನ ಆ ಸಣ್ಣ ಕೋಣೆಯಲ್ಲಿ ಮೊದಲು ನಡೆದದ್ದು ವಿಚಾರಣೆ. ಹಿಂದೆ ಎಲ್ಲಾದರೂ ಪೆಟ್ಟು ಬಿದ್ದಿದೆಯೇ, ಬಿಪಿ ಇದೆಯೇ, ಎಣ್ಣೆ ಮೈಗೆ ಆಗುತ್ತದೆಯೇ, ಯಾವ ಮಗ್ಗುಲಿಗೆ ಮಲಗುತ್ತೀರಿ. ನೋಯುತ್ತಿರುವುದು ಕುತ್ತಿಗೆ ತಾಯಿ, ಮಗ್ಗುಲು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಗಟ್ಟಿ ಕೈ, ಮೆಲು ಮಾತು. ಮೆಲು ಮಾತಿನವರನ್ನು ಕಂಡರೆ ನನಗೆ ಇನ್ನಷ್ಟು ರೇಗುತ್ತದೆ, ಜಗಳಕ್ಕೆ ಜಾಗವನ್ನೇ ಕೊಡುವುದಿಲ್ಲ.

"ಸರ್, ನಾನು ಹೊರಗಡೆ ಇರ್ತೀನಿ. ಅಂಗಿ ತೆಗೆದು ಬೋರಲು ಮಲಗಿ, ಈ ಬಟ್ಟೆ ಹೊದ್ಕೊಳ್ಳಿ. ಒತ್ತಿದ್ದು ಜಾಸ್ತಿ ಆದ್ರೆ ತಕ್ಷಣ ಹೇಳಿ. ಹಲ್ಲು ಕಚ್ಚಿ ಸಹಿಸ್ಕೋಬೇಡಿ."

ಟೇಬಲ್ಲಿನ ತುದಿಯಲ್ಲಿ ಮುಖ ಇಡಲು ಒಂದು ತೂತು. ಅದರೊಳಗಿಂದ ಕಾಣುವುದು ನೆಲ, ಮತ್ತು ಆಗಾಗ ಆಕೆಯ ನೀಲಿ ಚಪ್ಪಲಿ. ಎಣ್ಣೆ ಬಿತ್ತು, ಹೆಬ್ಬೆರಳು ಭುಜದ ಮೇಲೆ ಇಳಿಯಿತು. ಹಿತವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಲಾರಿ ಹಾರನ್ ಹೊಡೆಯುವವರೆಗೆ.

"ಸರ್, ಬಲಗಾಲು ಸಡಿಲ ಬಿಡಿ."

"ಬಿಟ್ಟಿದೀನಲ್ಲಮ್ಮ."

ಆಕೆ ಕುತ್ತಿಗೆಯನ್ನು ಬಿಟ್ಟು ಹೋಗಿ ನನ್ನ ಮೀನಖಂಡ ಹಿಡಿದಳು! ಎಲ್ಲಿಯ ಕುತ್ತಿಗೆ, ಎಲ್ಲಿಯ ಕಾಲು. ಮೈಯೆಲ್ಲ ಉರಿದುಹೋಯಿತು.

"ಕಲ್ಲಾಗಿದೆ ಇದು. ಹಾರನ್ ಆದಾಗೆಲ್ಲ ನಿಮ್ಮ ಪಾದ ಏನನ್ನೋ ಒತ್ತುತ್ತೆ. ಪಾದ ಒತ್ತಿದಾಗ ಭುಜ ಮೇಲೆ ಬರುತ್ತೆ, ಕುತ್ತಿಗೆ ಗಟ್ಟಿಯಾಗುತ್ತೆ. ಏನು ತುಳೀತಿದೀರಿ ಸರ್?"

"ಬ್ರೇಕು," ಎಂದೆ ತೂತಿನೊಳಗಿಂದ.

ನಮ್ಮ ಸ್ಕೂಲಿನ ಕಾರುಗಳಲ್ಲಿ ಬ್ರೇಕು ಎರಡು. ಕಲಿಯುವವರ ಕಾಲಡಿ ಒಂದು, ಕಲಿಸುವವನ ಕಾಲಡಿ ಒಂದು. ಇಷ್ಟು ವರ್ಷದಲ್ಲಿ ನನ್ನ ಕಾರಿಗೆ ಒಂದು ಗೀರು ಬಿದ್ದಿಲ್ಲ. ಹುಡುಗರು ಹಿಂದಿನಿಂದ 'ಬ್ರೇಕ್ ಮೇಷ್ಟ್ರು' ಅನ್ನುತ್ತಾರೆ, ಅನ್ನಲಿ. ಆದರೆ ನನ್ನ ಸ್ವಂತ ಮಗಳೇ ನನ್ನ ಹತ್ತಿರ ಕಲಿಯುವುದನ್ನು ಅರ್ಧಕ್ಕೆ ಬಿಟ್ಟು, ಅದೇ ಸ್ಕೂಲಿನ ಮೀಸೆ ಮೇಷ್ಟ್ರ ಕಾರು ಹತ್ತಿದಳು. ಎಲ್ಲರೆದುರಿಗೆ! ಆ ಮೀಸೆ ಪಕ್ಕದ ಸೀಟಿನಲ್ಲಿ ತೂಕಡಿಸುವ ಆಸಾಮಿ. ಅವಳು ಲೈಸೆನ್ಸ್ ತಂದು ತೋರಿಸಿದ ದಿನ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಹೊಟ್ಟೆ ಉರಿದಿತ್ತು. ಈಗಲೂ ಉರಿಯುತ್ತದೆ.

ಆಮೇಲೆ ನನ್ನನ್ನು ಅಂಗಾತ ಮಲಗಿಸಿ, ತಲೆಯ ಹಿಂದೆ ಕೂತು, ಎರಡೂ ಅಂಗೈ ನನ್ನ ತಲೆಯ ಕೆಳಗೆ ತೂರಿಸಿ ಮೇಲೆತ್ತಿದಳು.

"ತಲೆಯನ್ನ ನನ್ನ ಕೈಗೆ ಕೊಡಿ."

"ಕೊಟ್ಟಿದೀನಿ."

"ಇಲ್ಲ ಸರ್, ನೀವೇ ಎತ್ತಿ ಹಿಡ್ಕೊಂಡಿದೀರಿ."

"ಕೊಟ್ಟಿದೀನಿ ಅಂದ್ನಲ್ಲ!"

ಆಕೆ ಕೈ ಎರಡನ್ನೂ ಮೆಲ್ಲಗೆ ಹಿಂದಕ್ಕೆ ತೆಗೆದಳು. ನನ್ನ ತಲೆ ಗಾಳಿಯಲ್ಲಿ ಹಾಗೇ ನಿಂತಿತ್ತು. ಕೆಳಗೆ ಯಾರೂ ಇಲ್ಲ, ದಿಂಬೂ ಇಲ್ಲ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಹಾಗೇ ಆಯಿತು. ಬಿಡು ಎಂದಷ್ಟೂ ಹಿಡಿದುಕೊಳ್ಳುವ ಈ ದರಿದ್ರ ತಲೆಯನ್ನು ಏನು ಮಾಡಲಿ!

ಕೊನೆಗೆ ಆಕೆಯೂ ಒಂದು ನಿಟ್ಟುಸಿರು ಬಿಟ್ಟಳು. ಕೈ ಒರೆಸಿಕೊಂಡು ಒಂದು ಲೋಟ ನೀರು ಕೊಟ್ಟಳು. "ನಾಳೆ ಸ್ವಲ್ಪ ಮೈ ಕೈ ನೋಯಬಹುದು, ಹೆದರಬೇಡಿ. ಇವತ್ತು ಗಾಡಿ ಓಡಿಸಬೇಡಿ. ಒಂದೇ ಸಲಕ್ಕೆ ಆಗಲ್ಲ ಸರ್, ಇನ್ನೊಂದೆರಡು ಸಲ ಬನ್ನಿ. ಆ ಕಾಲು ಒತ್ತೋದು ನಿಲ್ಲದ ಹೊರತು ನಾನು ಏನು ತಿಕ್ಕಿದ್ರೂ ಅಷ್ಟೇ."

ಎಡಕ್ಕೆ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟು ಸಡಿಲವಾಗಿತ್ತು. ಸೋಮವಾರಕ್ಕೆ ಇದು ಯಾವ ಮೂಲೆಗೂ ಸಾಲದು. ಆಫೀಸಿನ ಫೋನು ಕಣ್ಣೆದುರಿಗೆ ಬಂತು.

ಕೆಳಗಿಳಿದರೆ ನಮ್ಮ ಮನೆಯ ಕಾರು ನಿಂತಿತ್ತು. ಸ್ಟೇರಿಂಗಿನ ಹಿಂದೆ ಮಗಳು.

"ಅಮ್ಮ ಕಳಿಸಿದ್ದು. ಮಸಾಜ್ ಆದ ದಿನ ನೀನು ಓಡಿಸಬಾರದಂತೆ," ಎಂದಳು, ನನ್ನ ಮುಖ ನೋಡದೆ. ನಾನು ಬೇರೆ ದಾರಿಯಿಲ್ಲದೆ ಪಕ್ಕದಲ್ಲಿ ಕೂತೆ. ಲೈಸೆನ್ಸ್ ಬಂದ ಮೇಲೆ ಅವಳು ಓಡಿಸುವ ಕಾರಿನಲ್ಲಿ ನಾನು ಕೂತದ್ದು ಅದೇ ಮೊದಲು.

ಹೊರಟ ಕೂಡಲೇ ನನ್ನ ಪಾದ ಬ್ರೇಕು ಹುಡುಕಿತು. ಮನೆಯ ಕಾರಿನಲ್ಲಿ ಈ ಕಡೆ ಬರೀ ಮ್ಯಾಟು. ತಳ್ಳುಗಾಡಿ ಅಡ್ಡ ಬಂತು, ಒತ್ತಿದೆ. ಬಸ್ಸು ನಿಂತಿತು, ಒತ್ತಿದೆ. ಒತ್ತಿದಾಗಲೆಲ್ಲ ಭುಜ ಕಿವಿಯವರೆಗೆ ಏರಿ ಕುತ್ತಿಗೆಯಲ್ಲಿ ಚಳಕ್ ಅನ್ನುತ್ತಿತ್ತು. ಆ ಥೆರಪಿಸ್ಟ್ ಹುಡುಗಿ ಹೇಳಿದ್ದು ನಿಜವೇ ಎಂದು ಹೊಳೆದು ಇನ್ನಷ್ಟು ರೇಗಿತು.

ಸಿಗ್ನಲ್ ಕೆಂಪಾಯಿತು. ನಾನು ಒತ್ತುವ ಮೊದಲೇ ಕಾರು ನಿಧಾನವಾಗಿ, ಒಂಚೂರೂ ಕುಲುಕದೆ, ಗೆರೆಯ ಹಿಂದೆ ನಿಂತಿತು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಹೀಗೆ ನಿಲ್ಲಿಸಿದ್ದಿಲ್ಲ.

"ಹೀಗೆ ನಿಲ್ಲಿಸೋದನ್ನ ಆ ಮೀಸೆ ಹೇಳ್ಕೊಟ್ನಾ?" ಎಂದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಯಾರೂ ಹೇಳ್ಕೊಡ್ಲಿಲ್ಲ ಅಪ್ಪ. ಅವರು ಸುಮ್ನೆ ಕೂತಿರೋರು." ಅವಳ ಕಣ್ಣು ಸಿಗ್ನಲ್ ಮೇಲೇ ಇತ್ತು. "ನಿನ್ನ ಕಾರಲ್ಲಿ ನಾನು ಒಂದು ಸಲಾನೂ ನಿಲ್ಲಿಸಿದ್ದಿಲ್ಲ ಗೊತ್ತಾ? ಪ್ರತಿ ಸಲ ನೀನೇ ನಿಲ್ಲಿಸ್ತಿದ್ದೆ."

ಮ್ಯಾಟಿನ ಮೇಲಿದ್ದ ನನ್ನ ಬೂಟನ್ನು ನೋಡಿದೆ.

ಹಸಿರು ಬಂತು. ಕಾರು ಹೊರಟಿತು, ಪಾದ ಮತ್ತೆ ಮ್ಯಾಟಿನ ಕಡೆ ಹೋಯಿತು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ. ಬೂಟು ಕಳಚಿ, ಎರಡೂ ಕಾಲು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಬೆಲ್ಟು ಹೊಟ್ಟೆಗೆ ಒತ್ತುತ್ತಿತ್ತು.

"ಅಪ್ಪಾ! ಏನಿದು, ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬಿಡು. ನೀನು ಓಡಿಸು."

ಮುಂದಿನ ತಿರುವಿನಲ್ಲಿ ಎಡಗಡೆಯಿಂದ ಒಂದು ಸೈಕಲ್ ಬಂತು. ಅವಳು ಅದನ್ನು ನೋಡಿ ಆಗಲೇ ನಿಧಾನ ಮಾಡಿದ್ದಳು. ಮೈ ಅಲುಗಿಸದೆ, ಕುತ್ತಿಗೆಯನ್ನಷ್ಟೇ ತಿರುಗಿಸಿ, ನಾನೂ ಅದನ್ನು ನೋಡಿದೆ.