ಕೆಸರಿನಲ್ಲಿ ಕೂತ ಬಾಗಿನ

ಡ್ಯಾಮು ತುಂಬಿತೆಂದರೆ ಹೊಸಪೇಟೆಯಲ್ಲಿ ಬಾಗಿನ ಕೊಡುವವರಿಗೇನೂ ಬರವಿಲ್ಲ. ಲಾರಿಗಟ್ಟಲೆ ಅದಿರು ಚೀನಾಕ್ಕೆ ಹೋಗುತ್ತಿದ್ದ ಆ ವರ್ಷ ಸಂಡೂರಿನ ಒಬ್ಬ ಗಣಿ ಧಣಿಗೂ ತುಂಗಭದ್ರೆಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಉಕ್ಕಿದ್ದಾದರೂ ಎಲ್ಲಿ? ಹಿನ್ನೀರಿನ ದಂಡೆಯಲ್ಲಿ, ತನ್ನದೇ ಅದಿರು ತೊಳೆಯುವ ಜಾಗದ ಪಕ್ಕದಲ್ಲಿ. ಪೂಜೆಗೆ ನನ್ನ ಯಜಮಾನರು ಮಧ್ವೇಶಾಚಾರ್ಯರೇ ಬೇಕು, ಮೊರ ತುಂಬಲು ಮುತ್ತೈದೆಯಾಗಿ ನಾನೂ ಬರಬೇಕು ಎಂದು ಹೇಳಿ ಕಳಿಸಿದ.

ಪೂಜೆಯ ಹಿಂದಿನ ದಿನ ಹೊಳೆಮ್ಮ ನಮ್ಮ ಮನೆಗೆ ಬಂದಳು. ಅದೇ ದಂಡೆಯಲ್ಲಿ ಗಂಡನ ಜೊತೆ ಹರಿಗೋಲು ಹಾಕಿ ಮೀನು ಹಿಡಿಯುವವಳು. ನಮ್ಮ ಮಡಿಯ ಮನೆಗೆ ಮೀನಿನವಳು ಬರುವುದಿಲ್ಲ. ಬಂದಳೆಂದರೆ ವಿಷಯ ದೊಡ್ಡದೇ ಇರಬೇಕು.

“ಅಮ್ಮಾರ, ಮಳಿ ಸುರುವಾದ್ರ ಮೀನು ತತ್ತಿ ಇಡಾಕ ನಮ್ಮ ದಂಡಿಗೇ ಬರ್ತಿದ್ವು. ಈಗ ಅಲ್ಲೆಲ್ಲ ಅದಿರು ತೊಳದ ಕೆಂಪು ರಾಡಿ ಕುಂತೈತಿ. ಎರಡು ವರ್ಷಾತು, ಒಂದು ಮರಿ ಕಂಡಿಲ್ಲ. ಧಣಿ ಗಂಗಮ್ಮನ ಮುಂದ ಕುಂತಾಗ ಸ್ವಾಮ್ಯಾರು ಒಂದು ಮಾತು ಹೇಳಿದ್ರ ಕೇಳ್ತಾನ. ತೊಳಿಯೋದು ನಿಲ್ಲಸು ಅಂತ ಹೇಳಸ್ರಿ.”

ಯಜಮಾನರು ಒಳಗಿಂದಲೇ ಅಂದರು, “ನಮಗ್ಯಾಕ ಬೇಕು ಅವರ ಉಸಾಬರಿ? ಮಂತ್ರ ಹೇಳಿ ಬರೋದಷ್ಟ ನಮ್ಮ ಕೆಲಸ.”

ನನಗೆ ಸಿಟ್ಟು ಬಂತು. ಆದರೂ ಮರುದಿನ ದಂಡೆಯ ಮೇಲೆ ಕೂತು ಮೊರಕ್ಕೆ ಅರಿಶಿನ ಹಚ್ಚಿ, ಹಸಿರು ಬಳೆ, ಕುಪ್ಪಸದ ಕಣ, ಧಾನ್ಯ ಎಲ್ಲ ತುಂಬಿಕೊಟ್ಟೆ.

ಧಣಿಯ ಹೆಂಡತಿ ಜರಿ ಸೆರಗು ಮುಚ್ಚಿ ಬಾಗಿನವನ್ನು ನೀರಿಗೆ ಬಿಟ್ಟಳು. ಅದು ತೇಲಲೂ ಇಲ್ಲ, ಮುಳುಗಲೂ ಇಲ್ಲ. ಗೇಣು ನೀರಿನ ಕೆಳಗೆ ಬರೀ ರಾಡಿ. ಮೊರ ಅಲ್ಲೇ ಗಟ್ಟಿಯಾಗಿ ಕೂತುಬಿಟ್ಟಿತು. ಕೋಲಿನಿಂದ ತಳ್ಳಿದರೂ ಜಗ್ಗಲಿಲ್ಲ. ಕೊಟ್ಟ ಬಾಗಿನ ವಾಪಸು ತರುವಂತಿಲ್ಲ ಎಂದು ಯಜಮಾನರು ಸಣ್ಣ ದನಿಯಲ್ಲಿ ಹೇಳಿದರು. ಡ್ಯಾಮು ತುಂಬಿದೆ ಎಂದು ಪೇಪರಿನವರು ಬರೆದದ್ದು ಸುಳ್ಳಲ್ಲ. ಏನು ತುಂಬಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ದಂಡೆಯಲ್ಲಿ ಕೂತಿದ್ದ ಹೊಳೆಮ್ಮನನ್ನು ನೋಡಿ ಧಣಿ, “ಏ ಯವ್ವಾ, ಹರಿಗೋಲು ತಂದು ನಡುನೀರಿಗೆ ಎಳಕೊಂಡು ಹೋಗು,” ಎಂದ.

ಹೊಳೆಮ್ಮ ಕೈಮುಗಿದಳು, ಆದರೆ ಏಳಲಿಲ್ಲ. “ತೊಳಿಯೋದು ನಿಲ್ಲಸ್ತೀನಿ ಅಂತ ಗಂಗಮ್ಮನ ಮುಂದ ಮಾತು ಕೊಡ್ರಿ ಧಣೇರ. ಈಗಿಂದೀಗ ಒಯ್ತೀನಿ.”

ನಾನು ಯಜಮಾನರ ಮುಖ ನೋಡಿದೆ. ಅವರು ಪಂಚಪಾತ್ರೆ ನೋಡುತ್ತಿದ್ದರು. ಧಣಿ ನಕ್ಕು ಮೊಬೈಲು ತೆಗೆದು, “ಜೆಸಿಬಿ ಕಳಸಲೇ, ಜಲ್ದಿ,” ಎಂದ.

ಬಂತು. ಅದಿರು ಮೆತ್ತಿದ ಬಕೆಟ್ಟು ಗಂಗಮ್ಮ ತಾಯಿಯ ಬಾಗಿನವನ್ನು ರಾಡಿಯ ಸಮೇತ ನೂಕಿತು. ಬಳೆಗಳು ಪಟಪಟನೆ ಒಡೆದವು. ಮೀನಿಗೆಂದು ಅಷ್ಟೋ ಇಷ್ಟೋ ಉಳಿದಿದ್ದ ತೆಳುನೀರೂ ಆ ರಾಡಿಯಡಿ ಮುಚ್ಚಿಹೋಯಿತು. ಹೊಳೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಧಣಿ ಕೈಮುಗಿದು ನಿಂತ, ಫೋಟೊ ತೆಗೆದರು. ಕಸ ನೂಕಿದಂತೆ ನೂಕಿ ಕೈಮುಗಿದರೆ ಅದು ಪೂಜೆಯಂತೆ.

ಮುತ್ತೈದೆ ಬಂದು ನಿಂತರೆ ಕುಂಕುಮ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಮಾತು ಬಿಟ್ಟವರಿಗೂ ಕೊಟ್ಟೇ ಕಳಿಸುತ್ತೇವೆ. ಧಣಿಯ ಹೆಂಡತಿ ಹಣೆ ಮುಂದೆ ಮಾಡಿ ನನ್ನೆದುರು ನಿಂತಳು. ನಾನು ಕುಂಕುಮದ ಭರಣಿ ಮುಚ್ಚಿದೆ.

“ಮಾಧವೀ,” ಎಂದರು ಯಜಮಾನರು, ಗಾಬರಿಯಾಗಿ.

ನಾನು ಜೆಸಿಬಿಯತ್ತ ಕೈ ತೋರಿಸಿದೆ. “ನಿಮ್ಮ ಬಾಗಿನ ಗಂಗಮ್ಮಗ ಮುಟ್ಟಿಸಿದ್ದು ಅದೇ ಅಲ್ಲೇನ್ರಿ? ಕುಂಕುಮಾನೂ ಅದರ ಕೈಲೇ ಹಚ್ಚಿಸ್ಕೋರಿ.”